ಹಳದಿ ಗುರುತು ಬಿದ್ದ ಕಡತ

ಹಡರ್ಸ್‌ಫೀಲ್ಡ್
ನವೆಂಬರ್ ೯, ಭಾನುವಾರ

ನನ್ನ ಹೆಸ್ಟರ್‌ಗೆ,

ಗ್ಯೂಮ್ರಿಯಿಂದ ನೀನು ಬರೆದ ಕಾಗದ ಕೈಸೇರಿ ಹನ್ನೆರಡು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದುಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಿದ್ದೇನೆ. ನಿನ್ನ ಟಿಗ್ರಾನ್‌ನ ಬಲಗೈಯ ಮೂರು ಬೆರಳು ಕಲ್ಲುಗಣಿಯಲ್ಲಿ ಜಜ್ಜಿಹೋದವೆಂದು ಓದಿ ಜೀವ ಬಾಯಿಗೆ ಬಂತು. ಉಳಿ ಹಿಡಿಯುವ ಕೈ, ಅಯ್ಯೋ ದೇವರೇ! "ಅವತ್ತು ವೀಸಾ ಸಿಕ್ಕಿದ್ರೆ ಇಷ್ಟು ಹೊತ್ತಿಗೆ ಆರ್ಕ್ನಿ ದ್ವೀಪದಲ್ಲಿ ಹಳೇ ಚರ್ಚಿನ ಕಲ್ಲು ಕೆತ್ತುತಾ ಇರ್ತಿದ್ದ. ನೀನು ಆ ವೀಸಾ ಕಚೇರೀಲೇ ಇದ್ದೀಯಲ್ಲಮ್ಮ, ಯಾರು ತಡೆದ್ರು ಅಂತ ವಿಚಾರಿಸಿ ಹೇಳು" ಎಂದು ಕೇಳಿದ್ದೀಯ. ಹೇಳುತ್ತೇನೆ.

ನಮ್ಮಲ್ಲಿ ಅರ್ಜಿಗಳನ್ನು ವಿಂಗಡಿಸುವ ಕಂಪ್ಯೂಟರ್ ಯಂತ್ರ ತಡೆಯಿತು ಎಂದು ಎಲ್ಲರೂ ಅನ್ನುತ್ತಾರೆ. ನಿನಗೆ ನಾನೂ ಅದನ್ನೇ ಹೇಳಿದ್ದೆ. ಆದರೆ ಆ ಯಂತ್ರ ತಾನಾಗಿ ಏನನ್ನೂ ಹುಟ್ಟಿಸಿಕೊಂಡಿಲ್ಲ. ಕುಶಲ ಕೆಲಸಗಾರರ ಹಳೆಯ ಅರ್ಜಿಗಳನ್ನೂ ಅವುಗಳ ಮೇಲೆ ನಾವು ಹಾಕಿದ್ದ ಗುರುತುಗಳನ್ನೂ ತೋರಿಸಿ ತೋರಿಸಿ ಅದಕ್ಕೆ ಕಲಿಸಿದರು. ಹಸಿರು ಅಂದರೆ ಕೊಡಬಹುದು, ಕೆಂಪು ಅಂದರೆ ಇಲ್ಲ, ಹಳದಿ ಅಂದರೆ ಇನ್ನೊಮ್ಮೆ ನೋಡಬೇಕು. ಹಳದಿಯಲ್ಲಿ ಮುಕ್ಕಾಲು ಪಾಲು ನನ್ನದೇ ಕಣೇ. ನಡುವೆ ಒಂದೆರಡು ವರ್ಷ ಕೆಲಸ ಬಿಟ್ಟವರ ಅರ್ಜಿ ಬಂದರೆ, ಪಾಪ, ಕಾಯಿಲೆಯ ತಾಯಿಯನ್ನೋ ಮಗುವನ್ನೋ ನೋಡಿಕೊಂಡಿರುತ್ತಾರೆ, ಆತುರದಲ್ಲಿ ಯಾರೂ ತಳ್ಳಿಹಾಕದಿರಲಿ ಎಂದು ಹಳದಿ ಹಾಕಿ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತಿದ್ದೆ. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ನಿಧಾನವಾಗಿ ಓದಿ ಹೆಚ್ಚಿನವರಿಗೆ ಒಪ್ಪಿಗೆ ಕೊಟ್ಟೇಬಿಡುತ್ತಿದ್ದೆ. ಪಕ್ಕದ ಮೇಜಿನ ಗ್ಲೆನಿಸ್, "ಏನೇ ಬೆರಿಲ್, ಕಾವಿಗೆ ಕೂತ ಕೋಳಿ ಹಾಗೆ ಕೂತಿದ್ದೀಯಲ್ಲ, ಮರಿ ಯಾವಾಗ?" ಎಂದು ಚುಡಾಯಿಸುತ್ತಿದ್ದಳು.

ಯಂತ್ರಕ್ಕೆ ಕೊಟ್ಟದ್ದು ಮೊದಲ ದಿನದ ಗುರುತು ಮಾತ್ರ. ಮರುದಿನ ನಾನು ಕೊಟ್ಟ ಒಪ್ಪಿಗೆ ಬೇರೊಂದು ಪಟ್ಟಿಯಲ್ಲಿತ್ತು. ಅದನ್ನೂ ಸೇರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕೆಲಸವಿಲ್ಲದ ವರ್ಷಗಳು ಕಂಡರೆ ಅನುಮಾನಿಸಬೇಕು ಎಂದು ಅದು ಕಲಿತುಬಿಟ್ಟಿತು. ಟಿಗ್ರಾನ್ ತನ್ನ ತಾಯಿಯ ಹಾಸಿಗೆಯ ಪಕ್ಕ ಕಳೆದ ಎರಡು ವರ್ಷ ಅದರ ಕಣ್ಣಿಗೆ ಬಿತ್ತು. ಹಳದಿಯವರ ಸಾಲಿನಲ್ಲಿ ಅವನನ್ನು ನಿಲ್ಲಿಸಿತು. ಮಾರ್ಚ್ ಕೊನೆಗೆ ಆರ್ಕ್ನಿಯವರು ಕಾದು ಸಾಕಾಗಿ ಕೆಲಸವನ್ನು ಬೇರೆಯವನಿಗೆ ಕೊಟ್ಟರು. ಟಿಗ್ರಾನ್ ತನ್ನೂರಿನ ಗಣಿಗೆ ಸೇರಿದ, ನೀನು ಗಂಟುಮೂಟೆ ಕಟ್ಟಿ ಅವನಿದ್ದಲ್ಲಿಗೇ ಹೊರಟೆ.

ಯಂತ್ರ ಹೀಗೆ ತಡೆದ ಅರ್ಜಿಗಳ ಬಗ್ಗೆ ಕಚೇರಿಯಲ್ಲಿ ನಡೆಯುತ್ತಿದ್ದ ವಿಚಾರಣೆ ಕಳೆದ ವಾರ ಮುಗಿಯಿತು. ನಮ್ಮ ಮೇಲಧಿಕಾರಿ ನನ್ನ ಮೇಜಿನ ಹತ್ತಿರ ಬಂದು, "ನಿಮ್ಮದೇನೂ ತಪ್ಪಿಲ್ಲ ಬೆರಿಲ್, ಯಂತ್ರಾನ ಸರಿ ಮಾಡಿಸ್ತಾ ಇದ್ದೀವಿ, ನೀವು ನೆಮ್ಮದಿಯಾಗಿರಿ" ಅಂದರು. ಬಸ್ಸಿನಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ ಮಗಳೇ. ಯಾವುದೋ ಹೆಂಗಸು ಕೈಗೆ ಕರವಸ್ತ್ರ ಕೊಟ್ಟು ಇಳಿದುಹೋದಳು.

ಟಿಗ್ರಾನ್‌ನ ಗಾಯ ಬೇಗ ಮಾಗಲಿ. ನಿನಗೆ ಊಟ ಸೇರುತ್ತಿದೆಯಾ, ಬರೆ.

ನಿನ್ನ ಅಮ್ಮ,
ಬೆರಿಲ್

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಯಂತ್ರ ಹಳದಿ ಹಾಕಿದ್ದನ್ನು ಕೊನೆಗೆ ಒಬ್ಬ ಮನುಷ್ಯ ನೋಡಲೇಬೇಕು. ಟಿಗ್ರಾನ್‌ನ ಕಡತ ಫೆಬ್ರವರಿ ಹನ್ನೊಂದಕ್ಕೆ ನನ್ನ ಪಾಲಿಗೇ ಬಂದಿತ್ತು. ಪರಿಚಯದವರದಾದರೆ ಹಾಗೆಂದು ದಾಖಲೆ ಪುಸ್ತಕದಲ್ಲಿ ಬರೆದು ಪಕ್ಕದ ಮೇಜಿಗೆ ದಾಟಿಸಬೇಕು, ಅಷ್ಟೇ. ಗ್ಲೆನಿಸ್ ಸಂಜೆಯೊಳಗೆ ಹಸಿರು ಹಾಕುತ್ತಿದ್ದಳು. ನಾನು ದಾಟಿಸಲಿಲ್ಲ. ಅವನು ಬಂದರೆ ನೀನು ಆರ್ಕ್ನಿಗೆ ಹೊರಟುಬಿಡುತ್ತೀಯ, ಇನ್ನೊಂದು ವಾರ ನನ್ನ ಜೊತೆ ಇರಲಿ ಎಂದುಕೊಂಡೆ. ಮುಂದಿನ ವಾರವೂ ಹಾಗೇ ಅಂದುಕೊಂಡೆ. ಹೀಗೆ ಆರು ವಾರ. ತಡೆದವಳು ನಾನು, ಹೆಸ್ಟರ್. ಇದನ್ನು ಅವನಿಗೂ ಓದಿ ಹೇಳು.