ಪಕ್ಕದ ಪೆಟ್ಟಿಗೆ

ಫೆಬ್ರವರಿ 8. ಎರಡನೇ ಶೋ

ಪೆಟ್ಟಿಗೆಯೊಳಗೆ ಕೂತಿದ್ದೇನೆ. ಮಂಡಿ ಗದ್ದಕ್ಕೆ, ಡೈರಿ ಮಂಡಿಗೆ. ಪೆನ್ನಿನ ತುದಿಯಲ್ಲೇ ಪುಟ್ಟ ಟಾರ್ಚ್, ಅಕ್ಕನ ಮಗಳು ಗುಬ್ಬಿಯಿಂದ ಲಪಟಾಯಿಸಿದ್ದು. ಹೊರಗೆ ಹೀರೋ ಭಾಷಣ ಬಿಗಿಯುತ್ತಿದ್ದಾನೆ. ನಗರದ ಬೆಳಕಿನ ಕಲ್ಲು ಕಳುವಾಗಿದೆ, ಕದ್ದವನು ಕಿತಾಪತಿ, ಬಿಡುವುದಿಲ್ಲ, ಇತ್ಯಾದಿ. ಕಿತಾಪತಿ ಎಂದರೆ ನಾನು. ಹಳದಿ ಕೋಟು, ಬಾಯಿ ಸೊಟ್ಟಗಿರುವ ಮುಖವಾಡ. ಭಾಷಣ ಮುಗಿಯುವ ತನಕ ಕೆಲಸವಿಲ್ಲ. ಅದಕ್ಕೇ ಡೈರಿ ಇಲ್ಲೇ.

ಸ್ಟೇಜಿನ ಮೇಲೆ ಎರಡು ಪೆಟ್ಟಿಗೆ. ಎಡಗಡೆಯದರಲ್ಲಿ ನಾನು, ಬಲಗಡೆಯದು ಖಾಲಿ. ಮಕ್ಕಳ ಕಣ್ಣೆದುರಿಗೇ ಹೊಕ್ಕಿರುತ್ತೇನೆ. ಹೀರೋ "ಎಲ್ಲಿದ್ದಾನೆ ಹೇಳಿ" ಎಂದದ್ದೇ ತಡ, ಇಡೀ ಹಾಲ್ ಗಂಟಲು ಹರಿಯುವಂತೆ ಕೂಗಿ ನನ್ನನ್ನು ಹಿಡಿದುಕೊಡುತ್ತದೆ. ಅವನು ಬೇಕೆಂದೇ ಖಾಲಿ ಪೆಟ್ಟಿಗೆ ತೆರೆದು ಬೆಪ್ಪಾಗುತ್ತಾನೆ. ಆಮೇಲೆ ನನ್ನ ಕತ್ತಿನಪಟ್ಟಿ ಹಿಡಿದು ಎತ್ತುತ್ತಾನೆ. ಮಾಲ್‌ನ ಮೂರನೇ ಮಹಡಿಯಲ್ಲಿ ಇದು ನಿತ್ಯದ ಪಾಡು.

ಆದರೂ ಅಂಗಡಿಯಲ್ಲಿ ಮೊದಲು ಖಾಲಿಯಾಗುವುದು ಕಿತಾಪತಿಯ ಮುಖವಾಡ. ಹೀರೋಗೆ ಹೊಟ್ಟೆ ಉರಿ. ಪಾಪ, ಅವನಿಗೆ ಮಂಡಿ ನೋವು ಬೇರೆ. ಕಾಲು ಜೋಮು ಹಿಡಿಯಿತು— ಕರೆದ.

ಫೆಬ್ರವರಿ 20. ಮೊದಲ ಶೋ

ಅಪ್ಪ ಸಿಕ್ಕಿಲ್ಲ.

ಮನೆ ಬಿಟ್ಟು ಹೋಗಿ ವಾರದ ಮೇಲಾಯಿತು. ಅಪ್ಪನಿಗೆ ಮರೆವು. ಹೊರಗೆ ಹೋದರೆ ವಾಪಸ್ ಬರುವ ದಾರಿ ಗೊತ್ತಾಗುವುದಿಲ್ಲ. ಅದಕ್ಕೆ ಬಾಗಿಲಿಗೆ ಸದಾ ಬೀಗ, ಒಳಗಿನಿಂದಲೂ ಕೀಲಿ ಹಾಕಿಯೇ ತೆಗೆಯುವಂಥದ್ದು. ಆ ದಿನ ಮಧ್ಯಾಹ್ನ ಕೊನೆಗೆ ಹೊರಟವನು ನಾನು. ಬೀಗ ಹಾಕಿದ್ದೇನೆ. ಎಳೆದು ನೋಡಿದ್ದೇನೆ. ಅಕ್ಕ ಆಗಲೇ ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ಮಲಗಿದ್ದಳು. ಎದ್ದಾಗ ಬಾಗಿಲು ಹಾರು ಹೊಡೆದಿತ್ತು. ಇನ್ನೊಂದು ಕೀಲಿ ಫ್ರಿಜ್ ಮೇಲೆ, ಅದರ ಜಾಗದಲ್ಲೇ ಇತ್ತು. ಅಂದಮೇಲೆ ತಪ್ಪು ಯಾರದು? ನನ್ನದೇ.

ಯಾರೂ ಕೇಳಲಿಲ್ಲ. ತೀರ್ಮಾನ ಆಗಿಹೋಗಿತ್ತು. ಹುಡುಗನಾಗಿದ್ದಾಗ ಸತ್ತವನ ಹಾಗೆ ಮಲಗಿ ಅಮ್ಮನನ್ನು ಅಳಿಸಿದವನು, ಭಾವನ ಮದುವೆಯ ಶೂ ಬಚ್ಚಿಟ್ಟವನು. ಅಂಥವನು ಬೀಗ ಹಾಕಿದೆ ಎಂದರೆ ಅದೂ ತಮಾಷೆಯೇ. ಅಕ್ಕ ನನ್ನ ತಟ್ಟೆಗೆ ಅನ್ನ ಬಡಿಸುತ್ತಾಳೆ, ಮುಖ ನೋಡುವುದಿಲ್ಲ.

ಬೆಳಗ್ಗೆಯಿಂದ ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಆಸ್ಪತ್ರೆ. ಫೋಟೊ ತೋರಿಸುವುದು, ತಲೆಯಾಡಿಸುವುದನ್ನು ನೋಡುವುದು. ಆಮೇಲೆ ಇಲ್ಲಿಗೆ ಬಂದು ಮಕ್ಕಳನ್ನು ನಗಿಸುವುದು. ಅಪ್ಪ, ಎಲ್ಲಿದ್ದೀಯ?

ಫೆಬ್ರವರಿ 23. ಮೂರನೇ ಶೋ ಮುಗಿದ ಮೇಲೆ, ಗ್ರೀನ್‌ರೂಮ್

ಇವತ್ತು ವಿಚಿತ್ರ. ಹೀರೋ ಕೇಳಿದ. ಮಕ್ಕಳು ಬಲಗಡೆ ತೋರಿಸಿದವು. ಎಲ್ಲವೂ. ಕೂಗಾಟವಿಲ್ಲ. ಸುಮ್ಮನೆ ಕೈ ಚಾಚಿದವು.

ಪೆಟ್ಟಿಗೆಯ ತೂತಿನಿಂದ ನೋಡಿದೆ. ಮನಸ್ಸು ತುಂಬಿ ಬಂತು, ನಿಜ ಹೇಳಬೇಕೆಂದರೆ. ನನ್ನನ್ನು ಬಿಟ್ಟುಕೊಡದವರು ಲೋಕದಲ್ಲಿ ಇಷ್ಟು ಜನ ಇದ್ದಾರಲ್ಲ ಎಂದು.

ಫೆಬ್ರವರಿ 24. ಎರಡನೇ ಶೋ

ಇವತ್ತೂ ಬಲಗಡೆ. ಇವು ಬೇರೆ ಮಕ್ಕಳು, ಯಾವುದೋ ಶಾಲೆಯಿಂದ ಬಸ್ಸಿನಲ್ಲಿ ಬಂದವು. ನಿನ್ನೆಯವರಿಗೂ ಇವರಿಗೂ ಸಂಬಂಧವಿಲ್ಲ. ಹೀರೋ ಖಾಲಿ ಪೆಟ್ಟಿಗೆ ತೆರೆದು ತೋರಿಸಿದ. ಮಕ್ಕಳು ನಗಲಿಲ್ಲ. ಕೈ ಇಳಿಸಲೂ ಇಲ್ಲ.

ಫೆಬ್ರವರಿ 27. ಮೊದಲ ಶೋ ಮುಗಿದ ಮೇಲೆ

ಮುಂದಿನ ಸಾಲಿನ ಮಗುವೊಂದು ಖಾಲಿ ಪೆಟ್ಟಿಗೆಗೆ ಟಾಟಾ ಮಾಡಿತು. ಇನ್ನೊಂದು ಸ್ಟೇಜ್ ಹತ್ತಿ ಬಂದು ಅದರ ಮುಚ್ಚಳದ ಮೇಲೆ ಬಿಸ್ಕತ್ತು ಇಟ್ಟು ಓಡಿತು.

ಹೀರೋ ಮೇಕಪ್ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ, "ಆ ಪೆಟ್ಟಿಗೇಲಿ ಯಾರಾದ್ರೂ ಮಲಗ್ತಾರೇನೋ?"

ಯಾಕೆ ಎಂದೆ.

"ಒಳಗೆ ಕೈ ಹಾಕ್ದೆ. ಬೆಚ್ಚಗಿತ್ತು. ಈಗ ತಾನೇ ಯಾರೋ ಎದ್ದು ಹೋದ ಹಾಸಿಗೆ ಥರ."

ಲೈಟಿನ ಕಾವು ಇರಬೇಕು ಅಂದೆ. ಅವನೂ ಹೂಂ ಅಂದ. ಆ ಕಡೆ ಲೈಟೇ ಇಲ್ಲ, ಇಬ್ಬರಿಗೂ ಗೊತ್ತು.

ಮಾರ್ಚ್ 1. ಮೂರನೇ ಶೋ

ಮ್ಯಾನೇಜರ್ ರೇಗಿದ್ದಾರೆ. ಮಕ್ಕಳು ಕಳ್ಳನ ಪರ ನಿಂತರೆ ಹೆತ್ತವರು ದೂರು ಕೊಡುತ್ತಾರಂತೆ. ಕಿತಾಪತಿಯನ್ನು ಇನ್ನಷ್ಟು ಕೆಟ್ಟವನನ್ನಾಗಿ ಮಾಡಬೇಕಂತೆ.

ಹಿಂಬಾಗಿಲಲ್ಲಿ ಒಬ್ಬಳು ಕಾಲೇಜು ಹುಡುಗಿ ಇದ್ದಳು. ದಪ್ಪ ಕನ್ನಡಕ, ಬ್ಯಾಗಿನ ಮೇಲೆ ನನ್ನ ಸೊಟ್ಟ ಬಾಯಿಯ ಬ್ಯಾಡ್ಜ್. ಈ ಶೋಗೆ ಎಷ್ಟನೇ ಸಲವೋ. ಅಲ್ಲಮ್ಮ, ನಗರಕ್ಕೆಲ್ಲ ಕತ್ತಲೆ ತಂದವನ ಮೇಲೆ ಇಷ್ಟು ಪ್ರೀತಿ ಯಾಕೆ ಎಂದು ಕೇಳಿಯೇಬಿಟ್ಟೆ. ನಾಚಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಜಗಳಕ್ಕೇ ನಿಂತಳು.

"ಹೀರೋ ಒಂದ್ಸಲಾನೂ 'ಯಾಕೆ ಮಾಡ್ದೆ' ಅಂತ ಕೇಳಲ್ಲ, ಗಮನಿಸಿದ್ದೀರಾ? ಕಲ್ಲು ಕಾಣಲಿಲ್ಲ ಅಂದ ತಕ್ಷಣ ಇವನೇ. ಇವನು ನಗ್ತಾನಲ್ಲ, ಅದಕ್ಕೆ ಎಲ್ಲರಿಗೂ ಸಲೀಸು. ನಮ್ಮನೇಲಿ ಏನು ಒಡೆದ್ರೂ ನಾನೇ ಸರ್. ನಂಗೆ ಗೊತ್ತು ಅದು."

ಬ್ಯಾಡ್ಜಿನ ಮೇಲೆ ಸಹಿ ಹಾಕಿದೆ, ಕಿತಾಪತಿ ಎಂದು.

ಹೊರಗೆ ಭಾಷಣ ನಡೆದಿದೆ. ಪಕ್ಕದ ಪೆಟ್ಟಿಗೆಯಲ್ಲಿ ಸದ್ದು. ಯಾರೋ ನಗು ತಡೆದುಕೊಂಡು ಉಸಿರು ಬಿಗಿಹಿಡಿದ ಹಾಗೆ. ಕಿವಿ ಹಲಗೆಗೆ ಒತ್ತಿದೆ. ನಿಂತಿತು. ಅಲ್ಲಿಯೂ ಯಾರೋ ಕಿವಿ ಒತ್ತಿರಬಹುದು ಎನಿಸಿ ಹಿಂದೆ ಸರಿದೆ.

ಮಾರ್ಚ್ 2. ಭಾನುವಾರ, ಗ್ರೀನ್‌ರೂಮ್

ಭಾವ ಗುಬ್ಬಿಯನ್ನು ಶೋಗೆ ಕರೆತಂದಿದ್ದರು. ಮನೆಯಲ್ಲಿ ಕಿತಾಪತಿಯನ್ನು ಯಾರಾದರೂ ಕಳ್ಳ ಅಂದರೆ ಜಗಳ ಮಾಡುತ್ತಾಳೆ, ನೋಡಿಯಾದರೂ ಸುಮ್ಮನಾಗಲಿ ಅಂತ. ಎರಡನೇ ಕ್ಲಾಸಿನ ಹುಡುಗಿ, ಲಾಯರ್ ಥರ ವಾದ.

ಎಲ್ಲ ಮಕ್ಕಳೂ ಬಲಗಡೆ ತೋರಿಸಿದರು. ಗುಬ್ಬಿ ಮಾತ್ರ ತೋರಿಸಲಿಲ್ಲ. ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಅಲುಗುತ್ತಿತ್ತು.

ಶೋ ಆದಮೇಲೆ ಭಾವ ಕಾಫಿ ತರಲು ಹೋದರು. ಇವಳು ನನ್ನ ಹಳದಿ ಕೋಟಿನೊಳಗೆ ಮುಖ ಹುದುಗಿಸಿದಳು. ಅಲ್ಲಿಂದಲೇ ಹೇಳಿದಳು. ಬಿಟ್ಟು ಬಿಟ್ಟು.

ಆ ಮಧ್ಯಾಹ್ನ ತಾತ ಮೊಮ್ಮಗಳು ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಒಳಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಉಳಿದಿಲ್ಲ ಅಂದರಂತೆ ತಾತ. ಇವಳು ಸ್ಟೂಲ್ ಹಾಕಿ ಕೀಲಿ ತೆಗೆದಳು. ಬಾಗಿಲು ತೆರೆದಳು. ಕೀಲಿ ಜಾಗದಲ್ಲಿಟ್ಟಳು. ಗೋಡೆಗೆ ಮುಖ ಮಾಡಿ ನೂರು ಎಣಿಸಿದಳು. ಹುಡುಕಿದಳು, ತಾತ ಸಿಗಲಿಲ್ಲ. ಮತ್ತೆ ಎಣಿಸಿದಳು.

ಮೊದಲೇ ಯಾಕೆ ಹೇಳಲಿಲ್ಲ ಪುಟ್ಟಾ ಎಂದೆ.

"ನಿಂಗೆ ಬೈದ್ರೆ ನೀನು ನಗ್ತೀಯಲ್ಲ ಮಾಮ. ಅದಕ್ಕೆ."

ನಕ್ಕೆ. ಇನ್ನೇನು ಮಾಡಲಿ? ಅವಳು ಅದನ್ನೇ ಕಾಯುತ್ತಿದ್ದಳು.

ಇವತ್ತು ಯಾಕೆ ಕಣ್ಣು ಮುಚ್ಚಿಕೊಂಡೆ ಎಂದು ಕೇಳಿದೆ. ತಲೆ ಎತ್ತಲಿಲ್ಲ.

"ತಾತ ಕೈ ಸನ್ನೆ ಮಾಡಿದ್ರು. ಹೇಳ್ಬೇಡ, ಇನ್ನೂ ಎಣಿಸು ಅಂತ."

ಭಾವ ಕಾಫಿ ತಂದರು. ಕುಡಿದೆ. ರುಚಿ ಗೊತ್ತಾಗಲಿಲ್ಲ.

ಮಾರ್ಚ್ 4. ಮೊದಲ ಶೋ

ಭಾನುವಾರ ರಾತ್ರಿಯಿಡೀ ಯೋಚಿಸಿದೆ. ನಿಜ ಹೇಳಿದರೆ ನಾನು ಬಚಾವ್. ಆದರೆ ಆ ಮಗು ಇನ್ನು ಬದುಕಿಡೀ ತಾತನನ್ನು ಕಳೆದವಳು. ಅಕ್ಕ ಮಗಳನ್ನು ಬೈಯುವುದಿಲ್ಲ, ಹೊಡೆಯುವುದೂ ಇಲ್ಲ. ಒಂದು ಕ್ಷಣ ನೋಡುತ್ತಾಳೆ, ನನ್ನನ್ನು ನೋಡಿದ ಹಾಗೆ. ಅಷ್ಟು ಸಾಕು ಗುಬ್ಬಿಗೆ.

ನಿನ್ನೆ ಅಡುಗೆಮನೆಯಲ್ಲಿ ಹೇಳಿದೆ. ಅಕ್ಕ, ಬೀಗ ಹಾಕಿರಲಿಲ್ಲ. ಸುಳ್ಳು ಹೇಳಿದ್ದೆ.

ಅಕ್ಕ ಒಲೆ ಆರಿಸಿದಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ. "ನೀನು ಬೇರೆ ರೂಮು ನೋಡ್ಕೋ" ಎಂದಳು. "ಅಪ್ಪ ಸಿಗೋ ತನಕ ನಿನ್ನ ಮುಖ ನಂಗೆ ತೋರಿಸ್ಬೇಡ."

ಹುಟ್ಟಿದಾಗಿನಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ. ಬೇಜಾರಾಗಿಲ್ಲ ಎಂದರೆ ಅದೂ ಸುಳ್ಳು. ತುಂಬ ಆಗಿದೆ.

ರಾತ್ರಿ ಹೀರೋ ಮನೆಯ ಹಾಲ್‌ನಲ್ಲಿ ಮಲಗಿದೆ. ಒಳ್ಳೆಯವನು. ಗೊರಕೆ ಮಾತ್ರ ಲಾರಿ.

ಮಾರ್ಚ್ 9. ಎರಡನೇ ಶೋ

ಪೆಟ್ಟಿಗೆಯಲ್ಲಿ. ಟಾರ್ಚ್ ಮಂಕು.

ಗುಬ್ಬಿ ಮಾಮನನ್ನು ನೋಡದೆ ಊಟ ಮುಟ್ಟುವುದಿಲ್ಲವೆಂದು ಹಟ ಹಿಡಿದಳಂತೆ. ಭಾವನಿಗೆ ಕೆಲಸ. ಅಕ್ಕನೇ ಕರೆತಂದಿದ್ದಾಳೆ. ತೂತಿನಿಂದ ಕಾಣುತ್ತಿದ್ದಾಳೆ. ಎರಡನೇ ಸಾಲು, ಕೈ ಕಟ್ಟಿ ಕೂತಿದ್ದಾಳೆ. ಆಸ್ಪತ್ರೆಯ ಸೀರೆಯಲ್ಲೇ ಬಂದಿದ್ದಾಳೆ. ಸೊರಗಿದ್ದಾಳೆ.

ಮುಖವಾಡ ಇರುವುದು ಒಳ್ಳೆಯದಾಯಿತು. ಮುಖ ತೋರಿಸಿದ ಹಾಗಾಗಲಿಲ್ಲ.

ಹೀರೋ ಕೇಳಿದ, ಎಲ್ಲಿದ್ದಾನೆ ಹೇಳಿ ಮಕ್ಕಳೇ.

ಯಾರೂ ಕೈ ಎತ್ತುತ್ತಿಲ್ಲ. ಬಲಕ್ಕೂ ಇಲ್ಲ, ನನ್ನ ಕಡೆಗೂ ಇಲ್ಲ. ಎಲ್ಲ ಮಕ್ಕಳೂ ಕಣ್ಣು ಮುಚ್ಚಿಕೊಂಡಿದ್ದಾರೆ. ಎಣಿಸುತ್ತಿದ್ದಾರೆ. ಮೆಲ್ಲಗೆ, ಒಟ್ಟಿಗೆ, ಕ್ಲಾಸಿನಲ್ಲಿ ಮಗ್ಗಿ ಹೇಳುವ ಹಾಗೆ. ತೊಂಬತ್ತು ದಾಟಿತು.

ಹೀರೋ ಡೈಲಾಗ್ ಮರೆತ.

ನೂರು.

ಗುಬ್ಬಿ ಕಣ್ಣು ತೆರೆದಳು. ಅಕ್ಕ ಎದ್ದು ನಿಂತಿದ್ದಾಳೆ. ಯಾಕೆ? ಅಕ್ಕನ ಕೈ ಮೇಲೇಳುತ್ತಿದೆ. ನನ್ನ ಕಡೆಗಲ್ಲ. ಪಕ್ಕಕ್ಕೆ. ಬಾಯಿ ತೆರೆದಿದ್ದಾಳೆ, ದನಿ ಬರುತ್ತಿಲ್ಲ. ತುಟಿ ನೋಡಿದರೆ ಗೊತ್ತಾಗುತ್ತದೆ ಯಾರನ್ನು ಕರೆಯುತ್ತಿದ್ದಾಳೆ ಎಂದು.

ಹೀರೋನ ಬೂಟು. ಬಲಗಡೆಗೆ ಹೋದ. ಮುಚ್ಚಳ ಎತ್ತಿದ ಸದ್ದು. ಇಲ್ಲೂ ಇಲ್ಲ ಅನ್ನಬೇಕು ಈಗ. ಅನ್ನುತ್ತಿಲ್ಲ. ದನಿ ತಗ್ಗಿಸಿ ಯಾರೊಂದಿಗೋ ಮಾತಾಡುತ್ತಿದ್ದಾನೆ, ಬಹಳ ಮರ್ಯಾದೆಯಿಂದ.

"ನಿಧಾನ, ಯಜಮಾನ್ರೇ. ಕಾಲು ಜೋಮು ಹಿಡಿದಿರುತ್ತೆ. ಕೈ ಕೊಡಿ, ನಾನು ಹಿಡ್ಕೊಂಡಿದ್ದೀನಿ."