ಏಳನೇ ತರಗತಿಯ ಹಾವು

ಗೋಡೆಯ ಇನ್ನೂರ ಹನ್ನೆರಡನೆಯ ವರ್ಷ, ಎರಡನೆಯ ಬೇಸಿಗೆ, ಹದಿನಾರನೆಯ ಹಗಲು.

ಏಳನೇ ತರಗತಿ ‘ಬಿ’ ವಿಭಾಗದ ಮಕ್ಕಳಿಗೂ ಅವರ ಡ್ರಾಯಿಂಗ್ ಮಿಸ್ ವಿಶಾಲಾಕ್ಷಿಯವರಿಗೂ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನನಗೆ ಯಾರೂ ಕಲಿಸಲಿಲ್ಲ. ನಿಮ್ಮ ಶಾಲೆಯ ತಗಡಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಕರಪತ್ರಗಳನ್ನು ಓದಿ ಕಲಿತೆ. ಮುಷ್ಕರದ ಕರೆ, ಪೋಲಿಯೊ ಹನಿ, ಕಾಡಿನ ಹಕ್ಕು, ಕೊಳವೆಬಾವಿಯ ಜಾಹೀರಾತು, ಇವೇ ನನ್ನ ಗುರುಗಳು. ಹಾಗಾಗಿ ನಾನು ಏನು ಬರೆದರೂ ಯಾರನ್ನೋ ಬೀದಿಗೆ ಕರೆಯುವ ಹಾಗಿರುತ್ತದೆ. ಬೇರೆ ರೀತಿ ನನಗೆ ಬರುವುದಿಲ್ಲ.

ನನ್ನ ಹೆಸರು ಹೊಂಗೆ. ವಯಸ್ಸು ಹತ್ತೊಂಬತ್ತು. ಇದು ಹಿಂಟಪಾಲು. ನಮ್ಮಲ್ಲಿ ಪ್ರತಿಯೊಬ್ಬರೂ ಬದುಕಿನಲ್ಲಿ ಒಂದು ಸಲ ಹಿಂದಿನವರಿಗೆ ಕಾಗದ ಕಳಿಸಬಹುದು. ಮಡಚಿ ಗೋಡೆಯ ಬಿರುಕಿನೊಳಗೆ ತಳ್ಳಿದರೆ ಆಯಿತು. ಉಳಿದವರಿಗೆ ಅಕ್ಷರ ಬಾರದು, ಚುಕ್ಕಿಗಳನ್ನಿಟ್ಟು ವಂದನೆ ಕಳಿಸುತ್ತಾರೆ. ನಾನು ವಂದನೆ ಕಳಿಸುತ್ತಿಲ್ಲ.

ನಿಮ್ಮ ಶಾಲೆಯಲ್ಲಿ ಈಗ ನಿಂತಿರುವುದು ನೀವು ಚಿತ್ರ ಬರೆದ ಗೋಡೆಯೊಂದೇ. ನಮ್ಮ ವರ್ಷ ಅಲ್ಲಿಂದ ಶುರು. ಹಗಲನ್ನು ನಾವು ನೆರಳುಪಾಳಿಯಲ್ಲಿ ಕಳೆಯುತ್ತೇವೆ, ಅಂದರೆ ಗೋಡೆಯ ನೆರಳಲ್ಲಿ ಸರದಿಯ ಮೇಲೆ ಕೂರುತ್ತೇವೆ. ಮುದುಕರು ಮತ್ತು ಬಸುರಿಯರು ಮೊದಲು. ಬೆಳಗಿನ ಜಾವ ಹಾಸಿದ ಬಲೆಗಳನ್ನು ಹಿಂಡಿ ಇಬ್ಬನಿ ಕುಡಿಯುತ್ತೇವೆ. ತಲೆಗೆ ಎರಡು ಲೋಟ ಬರುತ್ತಿತ್ತು, ಈ ಬೇಸಿಗೆ ಒಂದಕ್ಕೆ ಇಳಿಯಿತು. ಮಗುವಿಗೆ ಏಳು ತುಂಬಿದ ದಿನ ಗೋಡೆಯೆದುರು ನಿಲ್ಲಿಸಿ ಒಂದೊಂದು ಚಿತ್ರದ ಕಥೆಯನ್ನೂ ಒಪ್ಪಿಸಿಕೊಳ್ಳುತ್ತಾರೆ. ನಾನೂ ತಪ್ಪಿಲ್ಲದೆ ಒಪ್ಪಿಸಿದ್ದೆ. ಬೂದಿಗುಡ್ಡವನ್ನು ಆಮೆ ಹೊತ್ತು ತಂದಿತು. ಚಂದ್ರ ಮೊದಲು ಮೊಲದ ಮೊಟ್ಟೆಯಾಗಿದ್ದ. ಮೂಡಲ ಹಳ್ಳದಲ್ಲಿ ನೀಲಿ ಚುಕ್ಕಿಗಳ ಹಾವು ಮಲಗಿದೆ, ಅದರ ಬಾಯಿರುವ ಕಡೆ ಅಗೆದರೆ ಎಂದೂ ಬತ್ತದ ನೀರು. ಗೋಡೆಯ ನಡುವೆ ಒಂದು ಚೌಕ ಖಾಲಿ ಇದೆ. ಅದು ದೇವರ ಮೌನ ಎಂದು ಗೋಡೆಯಪ್ಪ ಹೇಳುತ್ತಾರೆ. ಗೋಡೆಯ ಅರ್ಥ ಹೇಳುವ ಹಿರಿಯರನ್ನು ನಾವು ಹಾಗೆ ಕರೆಯುತ್ತೇವೆ.

ಅದು ದೇವರ ಮೌನವಲ್ಲ ಎಂದು ನನಗೆ ಗೊತ್ತಾದದ್ದು ಅದೇ ತಗಡಿನ ಪೆಟ್ಟಿಗೆಯಲ್ಲಿದ್ದ ಮಿಸ್ ಅವರ ಡೈರಿಯಿಂದ.

ಮಿಸ್, ಗೋಡೆಗೆ ಚಿತ್ರ ಬರೆಸಿದ ವಾರ ನೀವು ಆಸ್ಟ್ರೇಲಿಯಾದ ಮೂಲನಿವಾಸಿಗಳ ಪಾಠ ಮಾಡಿದಿರಿ. ಅವರಿಗೆ ನೆಲ, ಕಥೆ, ನಡಿಗೆ ಬೇರೆಬೇರೆಯಲ್ಲ ಎಂದು ಚೆನ್ನಾಗಿ ವಿವರಿಸಿದಿರಿ. ಆಮೇಲೆ ಮಕ್ಕಳಿಗೆ ಹಾಗೆಯೇ ಒಂದೊಂದು ಪುರಾಣ ಕಟ್ಟಿ, ಚುಕ್ಕಿಗಳಲ್ಲಿ ಗೋಡೆಯ ಮೇಲೆ ಬರೆಯಲು ಹೇಳಿದಿರಿ. ಹತ್ತು ಅಂಕ. ಕಾಡಿನ ಹಾಡಿಯಿಂದ ಬರುತ್ತಿದ್ದ ಕೇತಮ್ಮನಿಗೆ ಮೂಡಲ ಹಳ್ಳದ ಚಿತ್ರ ಹೇಳಿದಿರಿ. ಅವಳು ಬ್ರಷ್ ಮುಟ್ಟಲಿಲ್ಲ, ಅವಳ ಚೌಕ ಖಾಲಿ ಉಳಿಯಿತು. ಅವಳು ಹೇಳಿದ್ದನ್ನು ಹಾಗೇ ಬರೆದಿಟ್ಟಿದ್ದೀರಿ: “ಮಿಸ್, ಆ ಹಳ್ಳದ ಕಥೇನ ನಮ್ಮಜ್ಜಿ ಕೂತ್ಕೊಂಡು ಹೇಳಲ್ಲ. ಅಲ್ಲಿಗೆ ನಡ್ಕೊಂಡು ಹೋಗ್ತಾ ಹೇಳುತ್ತೆ. ನೀವು ಬಂದ್ರೆ ನಿಮಗೂ ಹೇಳುತ್ತೆ.” ತನ್ಮಯ ಎಂಬ ಹುಡುಗ, “ನಡೆದ್ರೆ ಮಾರ್ಕ್ಸ್ ಕೊಡ್ತಾರೇನೆ?” ಅಂದ. ತರಗತಿಯೆಲ್ಲ ನಕ್ಕಿತು. “ನಾನೂ ನಕ್ಕೆ” ಎಂದು ನೀವೇ ಬರೆದಿದ್ದೀರಿ. ಹಳ್ಳದ ಚಿತ್ರವನ್ನು ತನ್ಮಯನಿಗೆ ಕೊಟ್ಟಿರಿ. ಅವನು ನೀಲಿ ಹಾವು ಬರೆದ, ಹತ್ತಕ್ಕೆ ಒಂಬತ್ತು. ಮುಂದಿನ ವರ್ಷದ ಪುಟದಲ್ಲಿ ಒಂದೇ ಸಾಲು: ಹಾಡಿ ಎತ್ತಂಗಡಿಯಾಯಿತು, ಕೇತಮ್ಮ ಶಾಲೆಗೆ ಬಂದಿಲ್ಲ.

ಕಳೆದ ವರ್ಷ ನಮ್ಮ ಆರು ಜನ ಆ ಹಳ್ಳಕ್ಕೆ ಹೋಗಿ ಹಾವಿನ ಬಾಯಿ ಅಗೆದರು. ಎರಡಾಳು ಆಳದಲ್ಲಿ ತಿಳಿಯಾದ ನೀರು ಬಂತು. ಹೊಸ ನೀರನ್ನು ಮೊದಲು ಆಡುಗಳಿಗೆ ಬಿಡುವುದು ನಮ್ಮ ರೂಢಿ. ಮೂರನೆಯ ದಿನಕ್ಕೆ ಒಂಬತ್ತು ಆಡುಗಳೂ ಕಾಲು ಚಾಚಿ ಬಿದ್ದವು. ಹೋದವರು ತಾವು ಒಯ್ದ ಇಬ್ಬನಿಯನ್ನೇ ಕುಡಿದಿದ್ದರಿಂದ ಬದುಕಿ ಬಂದರು. ಹಾವು ತನ್ನ ಪಾಲು ತೆಗೆದುಕೊಂಡಿದೆ, ಇನ್ನು ನೀರು ನಮ್ಮದು ಎಂದು ಗೋಡೆಯಪ್ಪ ತೀರ್ಮಾನ ಹೇಳಿದರು. ನಾಡಿದ್ದು ಮುನ್ನೂರ ನಲವತ್ತು ಜನ ಅಲ್ಲಿಗೆ ಹೊರಡುತ್ತೇವೆ. ಬಲೆಗಳನ್ನು ಆಗಲೇ ಬಿಚ್ಚಿ ಹಗ್ಗ ಹೊಸೆದಿದ್ದಾರೆ.

ನಾನು ಸಭೆಯಲ್ಲಿ ಡೈರಿ ಓದಿದೆ. ಗೋಡೆಯಪ್ಪ ಸಿಟ್ಟಾಗಲಿಲ್ಲ. “ಗೋಡೆಗೆ ಬಾಯಿಲ್ಲ ಅಂತ ನಿನಗೆ ಎರಡು ಬಾಯಿ ಬಂತಾ ಮಗಾ? ಕಾಗದದಲ್ಲಿ ಯಾರು ಏನು ಬೇಕಾದರೂ ಬರೀಬಹುದು. ಗೋಡೆ ಮೇಲೆ ಇದ್ದರೆ ತೋರಿಸು, ಬಗ್ಗುತೀನಿ” ಅಂದರು. ನನ್ನ ಅಕ್ಕ ಬಾಗೆಗೆ ಏಳು ತಿಂಗಳು. ತುಟಿ ಒಡೆದು ರಕ್ತ ಬರುತ್ತಿದೆ. ಅವಳು, “ನೀನು ನಿನ್ನ ಕರಪತ್ರ ಹಿಂಡಿ ಕುಡಿ ಹೊಂಗೆ, ನನಗೆ ನೀರು ಬೇಕು” ಅಂದಳು. ಎಲ್ಲರೂ ನಕ್ಕರು. ಅವಳೊಬ್ಬಳು ನಗಲಿಲ್ಲ.

ಅಜ್ಜಿಯ ಕಥೆಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಕುಡಿಯಬೇಡಿ ಎಂದಿತ್ತೋ, ಯಾವ ತಿಂಗಳಲ್ಲಿ ಕುಡಿಯಬಹುದು ಎಂದಿತ್ತೋ, ಬೇರೆಲ್ಲಿ ನೀರಿದೆ ಎಂದಿತ್ತೋ. ಅದನ್ನು ಊಹಿಸಿ ಕಟ್ಟುವುದು ನನ್ನಿಂದಾಗದು. ಕಟ್ಟಿದರೆ ನಾನೂ ನಿಮ್ಮ ತರಗತಿಯವಳೇ ಆಗುತ್ತೇನೆ.

ಆದ್ದರಿಂದ ಕೇಳುತ್ತೇನೆ. ಮಿಸ್, ಈ ಕಾಗದ ನಿಮಗೆ ಸಿಗುವ ಹೊತ್ತಿಗೆ ಕೇತಮ್ಮನ ಅಜ್ಜಿ ಇನ್ನೂ ಹಾಡಿಯಲ್ಲಿರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಅವರ ಹಿಂದೆ ನಡೆಯಿರಿ. ಅವರು ಹೇಳಿದ್ದನ್ನು ಚಿತ್ರ ಮಾಡಬೇಡಿ, ಅವರು ಹಾಗೆ ಬಯಸಿಲ್ಲ. ಅವರನ್ನು ಎತ್ತಂಗಡಿ ಮಾಡಲು ಬಂದಾಗ ಅಡ್ಡ ನಿಲ್ಲಿ. ತನ್ಮಯ, ನೀನು ಮಾಡಬೇಕಾದ್ದು ಇಷ್ಟೇ: ಹಾವಿನ ಕೆಳಗೆ, ಅಳಿಸದ ಬಣ್ಣದಲ್ಲಿ, “ಇದು ನಾನು ಕಟ್ಟಿದ ಕಥೆ” ಎಂದು ಬರೆದು ಹೆಸರು ಹಾಕು. ನಾನು ಬರೆದರೆ ಮಸಿ ಹೊಸದೆಂದು ಎಲ್ಲರಿಗೂ ಗೊತ್ತಾಗುತ್ತದೆ. ನೀನು ಬರೆದಿದ್ದರೆ ಆ ಸಾಲಿಗೆ ಇನ್ನೂರ ಹನ್ನೆರಡು ವರ್ಷ ವಯಸ್ಸಾಗಿರುತ್ತದೆ.

ಕಾಗದವನ್ನು ಬಿರುಕಿಗೆ ತಳ್ಳಿ, ಹಾವಿನ ಕೆಳಗೆ ನೋಡುತ್ತೇನೆ. ಹೊರಡುವ ತನಕ ನೋಡುತ್ತಲೇ ಇರುತ್ತೇನೆ. ಅಲ್ಲಿ ಏನೂ ಕಾಣದಿದ್ದರೆ ಹಳ್ಳದಲ್ಲಿ ಮೊದಲ ಬಿಂದಿಗೆ ನಾನು ಎತ್ತುತ್ತೇನೆ, ಎಲ್ಲರೆದುರು ಕುಡಿದು ಮೂರು ದಿನ ಕಾಯಿರಿ ಎನ್ನುತ್ತೇನೆ. ಆಡು ಸತ್ತಾಗ ಅದನ್ನು ಹಾವಿನ ಪಾಲು ಎಂದರು. ನನ್ನನ್ನೂ ಹಾಗೇ ಅನ್ನಬಹುದು. ಬಾಗೆ ಮಾತ್ರ ಹಾಗೆನ್ನಲಾರಳು, ಕುಡಿಯಲೂ ಆರಳು.

ಹೊಂಗೆ