ಅಲುಗದ ಚಿತ್ರ

ಗಾಳಿಶಕೆ ೨೧೧, ನಾಲ್ಕನೆಯ ಆಷಾಢ, ನಲವತ್ತನೆಯ ದಿನ

ಡ್ರೋನ್ ಹಾರಿಸುವ ನನ್ನ ಪೂರ್ವಜರಿಗೆ ಹೊಳೆಬಸವ್ವನ ನಮಸ್ಕಾರಗಳು.

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು. ನಿಮ್ಮ ಕಾಲದ ಗಾಳಿಗೆ ವರ್ಷಕ್ಕೊಂದು ಆಷಾಢ ಸಾಕಾಗುತ್ತಿತ್ತಂತೆ, ನಮಗೀಗ ಐದು. ನನ್ನ ಮಾತುಗಳಲ್ಲಿ ಕೆಲವು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಬರವಣಿಗೆ ನೋಡಿ ನೋಡಿ ಕಲಿತ ಕನ್ನಡವಿದು. ಮನೆಯಲ್ಲಿ ಹೀಗೆ ಮಾತಾಡಿದರೆ ಎಲ್ಲರೂ ನಗುತ್ತಾರೆ.

ನಾವಿರುವುದು ಗದಗಿನಾಚೆಯ ಗುಡ್ಡಸಾಲಿನಲ್ಲಿ, ನಿಮ್ಮ ಗಾಳಿಯಂತ್ರಗಳು ತಿರುಗುತ್ತಿದ್ದ ಜಾಗದ ಕೆಳಗೆ, ಬಂಡೆ ಕೊರೆದು ಮಾಡಿದ ಒಳಕೇರಿಯಲ್ಲಿ. ಒಳಕೇರಿ ಎಂದರೆ ಸೂರ್ಯ ಕಾಣದ ಕೇರಿ, ಅಷ್ಟೇ. ರೊಟ್ಟಿ ಬಡಿಯುತ್ತೇವೆ, ಜಗಳವಾಡುತ್ತೇವೆ, ತೊಟ್ಟಿಲು ಕಟ್ಟುತ್ತೇವೆ. ನೀರು ಮಾತ್ರ ಹೊರಗಿದೆ, ಗುಡ್ಡದ ತಿರುವಿನಾಚೆಯ ಹೊಂಡದಲ್ಲಿ. ಸರದಿಯಂತೆ ಮನೆಗೊಬ್ಬರು ಹೋಗಿ ತರಬೇಕು. ಅದಕ್ಕೂ ಮೊದಲು ಕಣ್ಣುಹುಳವನ್ನು ಹೊರಗೆ ಬಿಡುತ್ತೇವೆ. ನೀವು ಡ್ರೋನ್ ಎನ್ನುತ್ತಿದ್ದುದೇ ಅದು. ನಮ್ಮದು ಎಮ್ಮೆಯ ಕರುವಿನಷ್ಟು ತೂಕ, ಎಂಥ ಬಿರುಗಾಳಿಗೂ ಜಾಗ ಬಿಟ್ಟು ಕದಲದು. ಅದು ಕಂಡದ್ದು ಬಾಗಿಲ ಪಕ್ಕದ ಗೋಡೆಯ ಮೇಲೆ ಮೂಡುತ್ತದೆ. ಕೇರಿಯ ಹಿರಿಯರಾದ ವೀರಭದ್ರಜ್ಜ, "ಗ್ವಾಡಿ ಏನಂತೈತಿ?" ಎಂದು ಕೇಳುತ್ತಾರೆ. ನೆರೆದವರು "ಸುಮ್ಮನೈತಿ" ಎಂದರೆ ಬಾಗಿಲು ತೆರೆಯುತ್ತದೆ.

ನಿಮ್ಮ ಮದುವೆಗಳ ಚಿತ್ರಗಳು ಇನ್ನೂ ನಮ್ಮಲ್ಲಿವೆ. ಮದುಮಗಳ ಸೆರಗು ಹಾರಿ ಮುಖಕ್ಕೆ ಬಡಿಯುತ್ತಿದೆ, ಶಾಮಿಯಾನ ಕಿತ್ತುಹೋಗುವಂತಿದೆ, ಮೇಲಿಂದ ತೆಗೆದ ಚಿತ್ರ ಮಾತ್ರ ಕೂದಲೆಳೆಯಷ್ಟೂ ನಡುಗಿಲ್ಲ. ಡ್ರೋನ್ ಗಾಳಿಗೆ ಎತ್ತ ವಾಲಿದರೂ ಕ್ಯಾಮೆರಾ ಎದುರು ದಿಕ್ಕಿಗೆ ವಾಲಿ ಸಮನಾಗುವಂತೆ ತೂಗುಹಾಕಿದಿರಿ. ಉಳಿದ ನಡುಕವನ್ನು ಯಂತ್ರವೇ ಒರೆಸಿತು. ಚೆಂದವೇ ಇತ್ತು. ನಿಮಗೆ ಗಾಳಿ ತಿಳಿಯಲು ಸೆರಗಿತ್ತು, ಮರವಿತ್ತು, ಪರದೆಯ ಮೇಲೆ ಕೆಂಪಕ್ಷರದ ಎಚ್ಚರಿಕೆಯಿತ್ತು. ನಮ್ಮ ಗುಡ್ಡದಲ್ಲಿ ಹುಲ್ಲೂ ಇಲ್ಲ. ಧೂಳನ್ನು ಮುತ್ತಜ್ಜನ ಕಾಲಕ್ಕೇ ಗಾಳಿ ಗುಡಿಸಿ ಒಯ್ದಿದೆ. ಎಚ್ಚರಿಕೆ ಯಾವಾಗಲೂ ಮಿನುಗುತ್ತದೆಂದು ಬೇಸತ್ತು ನಮ್ಮವರೇ ಅದನ್ನು ತೆಗೆಸಿದರು. ಗಾಳಿಗೆ ನಡುಗುವಂಥದ್ದು ಕಣ್ಣುಹುಳದ ಕ್ಯಾಮೆರಾ ಒಂದೇ ಉಳಿದಿತ್ತು. ಅದನ್ನು ನೀವು ಮೊದಲೇ ಸುಮ್ಮನಾಗಿಸಿದ್ದಿರಿ.

ಹೋದ ವಾರ ನನ್ನ ತಂಗಿ ಕಲ್ಲವ್ವ ನೀರಿಗೆ ಹೊರಟಳು. ಬಂಡೆಯೊಳಗಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬರುತ್ತಿತ್ತು, ನಾನು ತಡೆದೆ. ಅವಳು ನಕ್ಕುಬಿಟ್ಟಳು. "ಏನಕ್ಕಾ, ಕಣ್ಣಿಗಿ ಕಾಣೂದು ಬಿಟ್ಟು ಕಿವಿ ಮಾತ ಕೇಳ್ತೀಯಲ್ಲ. ನೋಡಲ್ಲೆ, ಏನೂ ಅಳ್ಳಾಡವಲ್ದು." ನಮ್ಮ ಬಾಗಿಲು ಗಾಳಿಗೆ ಬೆನ್ನು ಮಾಡಿದೆ, ತಿರುವಿನವರೆಗೆ ಏನೂ ತಿಳಿಯದು. ಅವಳು ತಿರುವು ದಾಟಿದ್ದನ್ನು ಗೋಡೆಯ ಮೇಲೆ ಎಲ್ಲರೂ ನೋಡಿದೆವು. ಚಿತ್ರ ಅಲುಗಲಿಲ್ಲ. ಕಲ್ಲವ್ವ ಮಾತ್ರ, ಕೊಡ ಹಿಡಿದ ಹಾಗೆಯೇ, ಚಿತ್ರದ ಅಂಚಿನತ್ತ ಸರಿದು ಇಲ್ಲವಾದಳು. ಆಮೇಲೆ ಅದೇ ಖಾಲಿ ಹಾದಿ. ವೀರಭದ್ರಜ್ಜ ಬಹಳ ಹೊತ್ತು ನೋಡಿ, "ಪಾಪ, ಕಾಲು ಜಾರ್ತು. ಗಾಳಿ ಅಂತೂ ಇಲ್ಲ" ಎಂದರು. ಅವರು ಕೆಟ್ಟವರಲ್ಲ, ಹುಟ್ಟಿದಾಗಿನಿಂದ ಗೋಡೆಯನ್ನು ನಂಬಿದವರು. ಹಿಂದಿನ ಆಷಾಢದಲ್ಲೂ ಮೂವರ ಕಾಲು ಜಾರಿತ್ತು. ತಿರುವಿನಲ್ಲಿ ಒಂದು ಬಟ್ಟೆಯಾದರೂ ಕಟ್ಟಿ ಎಂದು ಅತ್ತು ಹೇಳಿದೆ. ಕಟ್ಟಿದ ಬಟ್ಟೆ ಮರುದಿನ ಇರಲಿಲ್ಲ. ಗಂಟು ಸಡಿಲವಿತ್ತು ಎಂದರು.

ನಾನು ಕೇಳುವುದು ದೊಡ್ಡದೇನಲ್ಲ. ಡ್ರೋನ್ ತಯಾರಿಸುವವರು ಯಾರಾದರೂ ಇದನ್ನು ಓದಿದರೆ, ಚಿತ್ರದಲ್ಲಿ ಒಂದಿಷ್ಟು ನಡುಕ ಉಳಿಸಿ. ನೋಡುವವರಿಗೆ ತಲೆ ಸುತ್ತಿದರೆ ಸುತ್ತಲಿ. ಬಾಗಿಲ ಬಳಿ ನಿಂತವರು ಒಂದು ಹೆಜ್ಜೆ ಹಿಂದೆ ಸರಿಯುವಷ್ಟಿದ್ದರೆ ಸಾಕು.

ಬೇಗ ಮುಗಿಸಬೇಕಾಗಿದೆ. ಇವತ್ತಿನ ಸರದಿ ನನ್ನ ಮಗಳು ಸಿದ್ದಮ್ಮನದು. ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಗಾಳಿ ಇದ್ದರೆ ತೋರಿಸು ಎಂದು ಕೇರಿಯವರು ಕೇಳುತ್ತಿದ್ದಾರೆ. ತೋರಿಸಲು ನನ್ನ ಬಳಿ ಏನೂ ಇಲ್ಲ. ಬಾಗಿಲು ತೆರೆದಾಗಿದೆ. ಅವಳು ಮೆಲ್ಲಗೆ, ನನಗೆ ನಾಲ್ಕು ಜನರ ಮುಂದೆ ಅವಮಾನವಾಗದಂತೆ, ಕಿವಿಯಲ್ಲಿ ಹೇಳುತ್ತಿದ್ದಾಳೆ: "ಕೈ ಬಿಡ ಯವ್ವಾ, ಹೊತ್ತಾಗಾಕತ್ತೈತಿ."